‘ಅದರ ಊಟ ಅದು ಮಾಡಿದರೆ ತಪ್ಪೇನು?’: ಮಗಳ ವ್ಯಾಂಪೈರ್ ವಾದಕ್ಕೆ ಒಂದು ಉತ್ತರ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಒಂದು ವರ್ಷದಿಂದ ಅವಳಿಗೆ ವ್ಯಾಂಪೈರ್ ಕಾದಂಬರಿಗಳ ಹುಚ್ಚು. ಏನೋ ಓದುತ್ತಾಳಲ್ಲ ಅಂತ ನಾನೂ ಸುಮ್ಮನಿದ್ದೆ. ಹೋದ ಭಾನುವಾರ ಊಟಕ್ಕೆ ಕೂತಾಗ ಅವಳ ಅಜ್ಜಿ, “ಜನರ ರಕ್ತ ಕುಡಿಯೋ ರಾಕ್ಷಸರ ಕಥೆ ಯಾಕೆ ಓದ್ತೀಯೇ?” ಅಂದರು. ಅದಕ್ಕೆ ಅವಳು, “ಅದು ರಾಕ್ಷಸ ಅಲ್ಲ ಅಜ್ಜಿ. ಹುಲಿ ಜಿಂಕೆ ತಿಂದ್ರೆ ಹುಲಿ ಕೆಟ್ಟದ್ದು ಅಂತೀವಾ? ವ್ಯಾಂಪೈರ್‌ಗೆ ರಕ್ತಾನೇ ಊಟ. ಅದರ ಊಟ ಅದು ಮಾಡಿದ್ರೆ ತಪ್ಪೇನು? ನಾವೀಗ ಕೋಳಿ ತಿಂತಾ ಇಲ್ವಾ?” ಅಂದಳು. ಯಾರಿಗೂ ಉತ್ತರ ಹೊಳೆಯಲಿಲ್ಲ. ಅವಳಪ್ಪ ನಕ್ಕು ಸುಮ್ಮನಾದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಕೊಲ್ಲುವುದು ತಪ್ಪಲ್ಲ ಅನ್ನುವ ಮನಸ್ಸು ಬಂದುಬಿಟ್ಟಿದೆಯಾ ಅವಳಿಗೆ? ಪುಸ್ತಕ ಬಿಡಿಸಬೇಕಾ? ಬಿಡಿಸುವುದಕ್ಕೆ ಮೊದಲು, ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತಾದರೂ ಹೇಳಿ.
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ನಿಮ್ಮ ಮಗಳು ಕೊಲ್ಲುವುದು ಸರಿ ಅಂದಿಲ್ಲ. ಯಾರ ಮೇಲೆ ತಪ್ಪು ಹೊರಿಸಬಹುದು, ಯಾರ ಮೇಲೆ ಹೊರಿಸಬಾರದು ಅಂತ ಕೇಳಿದ್ದಾಳೆ. ಈ ಎರಡೂ ಒಂದೇ ಅಲ್ಲ. ಇಪ್ಪತ್ತಾರು ವರ್ಷ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಕಲಿಸಿದ್ದೇನೆ. ಅದರಲ್ಲಿ ದೆವ್ವದ ಕಥೆಗಳ ಪಾಠವೂ ಇತ್ತು. ಹೆಚ್ಚುಕಡಿಮೆ ಪ್ರತಿ ವರ್ಷ ಯಾರಾದರೊಬ್ಬರು ಇದೇ ಪ್ರಶ್ನೆ ಎತ್ತುತ್ತಿದ್ದರು. ಎತ್ತಿದವರು ಯಾವಾಗಲೂ ಕಥೆಯನ್ನು ಪೂರ್ತಿ ಓದಿ ಬಂದವರೇ ಆಗಿರುತ್ತಿದ್ದರು. ಆದ್ದರಿಂದ ಭಯ ಬೇಡ. ಆದರೆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು. ‘ಊಟ ಮಾಡು ಸುಮ್ನೆ’ ಅಂದರೆ ಆಗುವುದಿಲ್ಲ.

ವ್ಯಾಂಪೈರ್ ಅನ್ನುವ ಒಂದೇ ಹೆಸರಿನೊಳಗೆ ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಗೊಂದಲ ಹುಟ್ಟುವುದೇ ಅಲ್ಲಿ. ಊರಿನವರು ನಿಜವೆಂದು ನಂಬಿದ್ದ ಸತ್ತವರ ಭೂತ ಒಂದು. ರಕ್ತ ಕುಡಿಯುವ ಬಾವಲಿ ಇನ್ನೊಂದು. ಕಾದಂಬರಿಯ ಪಾತ್ರ ಮೂರನೆಯದು. ಮಗಳ ವಾದ ಒಂದೊಂದರ ಜೊತೆ ಒಂದೊಂದು ಥರ ನಡೆದುಕೊಳ್ಳುತ್ತದೆ.

ಊರಿನವರ ವ್ಯಾಂಪೈರ್ ಕಥೆ ಕೇಳಿದರೆ ಭಯಕ್ಕಿಂತ ಸಂಕಟವೇ ಜಾಸ್ತಿ ಆಗುತ್ತದೆ. ಸರ್ಬಿಯಾದಲ್ಲಿ ಕಿಸಿಲ್ಯೆವೊ ಅನ್ನುವ ಹಳ್ಳಿ. 1725ರಲ್ಲಿ ಅಲ್ಲಿ ಪೀಟರ್ ಬ್ಲಗೊಯೆವಿಚ್ ಎಂಬ ರೈತ ಸತ್ತ. ಆಮೇಲೆ ಎಂಟು ದಿನದಲ್ಲಿ ಒಂಬತ್ತು ಜನ ಸತ್ತರು. ಸಾಯುವಾಗ ಅವರು, ಪೀಟರನೇ ರಾತ್ರಿ ಬಂದು ಕತ್ತು ಹಿಸುಕಿದ ಅಂದರಂತೆ. ಊರಿನವರು ಗೋರಿ ಅಗೆದರು. ಹೆಣ ಕೊಳೆತಿರಲಿಲ್ಲ, ಕೂದಲು ಉಗುರು ಬೆಳೆದ ಹಾಗಿತ್ತು, ಬಾಯಲ್ಲಿ ರಕ್ತವಿತ್ತು. ಎದೆಗೆ ಗೂಟ ಹೊಡೆದು ಸುಟ್ಟರು. ಆಗ ಆ ಪ್ರದೇಶ ಆಸ್ಟ್ರಿಯಾದ ಆಡಳಿತದಲ್ಲಿತ್ತು. ಅಲ್ಲಿದ್ದ ಅಧಿಕಾರಿ ಇದನ್ನೆಲ್ಲ ವರದಿ ಬರೆದು ಕಳಿಸಿದ, ವಿಯೆನ್ನಾದ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆ ಗುರುತುಗಳಿಗೆಲ್ಲ ಇವತ್ತು ಕಾರಣ ಗೊತ್ತಿದೆ. ಹೆಣದ ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬುತ್ತದೆ. ಆ ಒತ್ತಡಕ್ಕೆ ಕಪ್ಪುಗೆಂಪು ದ್ರವ ಬಾಯಿಂದ ಹೊರಗೆ ಬರುತ್ತದೆ. ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಉಗುರು ಉದ್ದವಾದ ಹಾಗೆ ಕಾಣುತ್ತದೆ. ತಣ್ಣಗಿನ ಮಣ್ಣಿನಲ್ಲಿ ಕೊಳೆಯುವುದು ನಿಧಾನ.

ಅಮೆರಿಕದಲ್ಲೂ ಹೀಗೆ ನಡೆದಿದೆ. ರೋಡ್ ಐಲೆಂಡಿನ ಎಕ್ಸೆಟರ್ ಊರಿನ ಮರ್ಸಿ ಬ್ರೌನ್, ಹತ್ತೊಂಬತ್ತು ವರ್ಷದ ಹುಡುಗಿ, 1892ರ ಜನವರಿಯಲ್ಲಿ ಕ್ಷಯದಿಂದ ಸತ್ತಳು. ತಾಯಿ ಮತ್ತು ಅಕ್ಕ ಅದೇ ಕಾಯಿಲೆಯಲ್ಲಿ ಮೊದಲೇ ಹೋಗಿದ್ದರು. ಈಗ ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಅವನ ಜೀವ ಹೀರುತ್ತಿದ್ದಾರೆ ಅಂತ ನೆರೆಯವರು ಹಟ ಹಿಡಿದರು. ಮಾರ್ಚ್ ತಿಂಗಳಲ್ಲಿ ಹೆಣಗಳನ್ನು ತೆಗೆದು ನೋಡಿದರು. ಚಳಿಗಾಲದಲ್ಲಿ ಇಟ್ಟಿದ್ದ ಮರ್ಸಿಯ ದೇಹ ಕೆಟ್ಟಿರಲಿಲ್ಲ. ಅವಳ ಹೃದಯ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಹೋದ. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿಕೊಟ್ಟು ಆಗಲೇ ಹತ್ತು ವರ್ಷವಾಗಿತ್ತು. ಮರ್ಸಿ ದುಷ್ಟಳೂ ಅಲ್ಲ, ಬೇಟೆಗಾರ್ತಿಯೂ ಅಲ್ಲ. ಕಾಯಿಲೆ ಬಂದು ಸತ್ತ ಒಂದು ಮಗು. ಈ ಮೊದಲ ಬಗೆಯಲ್ಲಿ ಒಳ್ಳೆಯದು ಕೆಟ್ಟದ್ದು ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ.

ಬಾವಲಿಯ ವಿಷಯದಲ್ಲಿ ಮಗಳ ಮಾತು ನೂರಕ್ಕೆ ನೂರು ಸರಿ. ರಕ್ತವನ್ನೇ ಕುಡಿದು ಬದುಕುವ ಬಾವಲಿಗಳು ಮೂರೇ ಜಾತಿ. ಮೂರೂ ಇರುವುದು ಮೆಕ್ಸಿಕೋದಿಂದ ದಕ್ಷಿಣಕ್ಕೆ, ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಒಂದೂ ಇಲ್ಲ. ಅವು ನಿದ್ದೆಯಲ್ಲಿರುವ ದನದ ಚರ್ಮಕ್ಕೆ ಸಣ್ಣ ಗಾಯ ಮಾಡಿ ಒಂದೆರಡು ಚಮಚ ರಕ್ತ ನೆಕ್ಕುತ್ತವೆ. ಎರಡು ಮೂರು ದಿನ ಅದೂ ಸಿಗದಿದ್ದರೆ ಸಾಯುತ್ತವೆ. ಉಪವಾಸ ಬಿದ್ದ ಬಾವಲಿಗೆ ಹೊಟ್ಟೆ ತುಂಬಿದ ಜೊತೆಗಾತಿ ತನ್ನ ಬಾಯಿಂದ ರಕ್ತ ಕಕ್ಕಿ ಕೊಡುತ್ತದೆ. ಅದನ್ನು ಕೆಟ್ಟದ್ದು ಅನ್ನುವವರು ಯಾರು? ಅಂದ ಹಾಗೆ ಬಾವಲಿಗೆ ಆ ಹೆಸರು ಬಂದದ್ದು ಕಥೆಯ ಭೂತದಿಂದ. ಭೂತಕ್ಕೆ ಬಾವಲಿಯಿಂದ ಬಂದದ್ದಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಬೇತಾಳನದು. 1870ರಲ್ಲಿ ರಿಚರ್ಡ್ ಬರ್ಟನ್ ಬೇತಾಳ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಹೆಸರಿನಲ್ಲೇ ವ್ಯಾಂಪೈರ್ ಅಂತ ಸೇರಿಸಿದ. ಅಲ್ಲಿಂದ ಎರಡೂ ಒಂದೇ ಅಂತ ಎಷ್ಟೋ ಜನ ಅಂದುಕೊಂಡರು. ವಿಕ್ರಮನ ಬೆನ್ನ ಮೇಲೆ ಕೂತ ಬೇತಾಳ ರಕ್ತ ಕುಡಿಯುವುದಿಲ್ಲ. ಹೆಣದೊಳಗೆ ಸೇರಿಕೊಂಡು, ದಾರಿಯುದ್ದಕ್ಕೂ ‘ಇದರಲ್ಲಿ ತಪ್ಪು ಯಾರದು’ ಅಂತ ಕೇಳುತ್ತಾ ಹೋಗುತ್ತದೆ. ನಿಮ್ಮ ಮಗಳು ಊಟದ ಮನೆಯಲ್ಲಿ ಮಾಡಿದ್ದೂ ಅದನ್ನೇ ಅಲ್ವಾ?

ಈಗ ಕಾದಂಬರಿಯ ವ್ಯಾಂಪೈರ್. ನಿಜವಾದ ಜಗಳ ಇರುವುದು ಇಲ್ಲಿ.

ಇಂಗ್ಲಿಷ್ ಗದ್ಯದಲ್ಲಿ ಮೊದಲ ವ್ಯಾಂಪೈರ್ ಕಥೆ 1819ರಲ್ಲಿ ಬಂತು. ಬರೆದವನು ಜಾನ್ ಪಾಲಿಡೋರಿ, ಒಬ್ಬ ಯುವ ವೈದ್ಯ. ಅದರಲ್ಲಿ ಲಾರ್ಡ್ ರುತ್ವೆನ್ ಅಂತ ಒಬ್ಬ ಶ್ರೀಮಂತ. ಒಳ್ಳೆಯ ಬಡವರು ಕೈಚಾಚಿದರೆ ಅವರನ್ನು ಕಳಿಸಿಬಿಡುತ್ತಾನೆ. ಕೆಟ್ಟ ಚಟಕ್ಕೆ ಬಿದ್ದವನು ಬಂದರೆ ಧಾರಾಳವಾಗಿ ದುಡ್ಡು ಕೊಡುತ್ತಾನೆ, ಅವನು ಇನ್ನೂ ಹಾಳಾಗಲಿ ಅಂತ. ಇದರಿಂದ ಅವನ ಹೊಟ್ಟೆಗೆ ಒಂದು ತೊಟ್ಟು ರಕ್ತವೂ ಸಿಗುವುದಿಲ್ಲ! ಹಸಿವಿಗೂ ಇದಕ್ಕೂ ಸಂಬಂಧವೇ ಇಲ್ಲ. ಆಮೇಲೆ ಗ್ರೀಸಿನಲ್ಲಿ ಸಾಯುವ ಹೊತ್ತಿಗೆ, ಜೊತೆಗಿದ್ದ ಆಬ್ರೆ ಎಂಬ ಯುವಕನಿಂದ ಆಣೆ ಹಾಕಿಸಿಕೊಳ್ಳುತ್ತಾನೆ. ಒಂದು ವರ್ಷ ಒಂದು ದಿನ ತನ್ನ ಸಾವಿನ ಸುದ್ದಿಯನ್ನೂ ತನ್ನ ತಪ್ಪುಗಳನ್ನೂ ಯಾರಿಗೂ ಹೇಳಬಾರದು ಅಂತ. ಮುಂದೆ ನೋಡಿದರೆ ಸತ್ತವನು ಲಂಡನ್ನಿನಲ್ಲಿ ಓಡಾಡುತ್ತಿದ್ದಾನೆ, ಆಬ್ರೆಯ ತಂಗಿಯನ್ನೇ ಮದುವೆಯಾಗಲು ಹೊರಟಿದ್ದಾನೆ. ಅಣ್ಣ ಬಾಯಿ ಬಿಡಲು ಹೋದಾಗಲೆಲ್ಲ ಆಣೆಯನ್ನು ನೆನಪಿಸುತ್ತಾನೆ. ಅವಧಿ ಮುಗಿದು ಅಣ್ಣ ಎಲ್ಲವನ್ನೂ ಹೇಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ತಂಗಿ ಸತ್ತಿರುತ್ತಾಳೆ.

ಈ ಕಥೆ ಪಾಠ ಮಾಡುವಾಗಲೆಲ್ಲ ನನಗೆ ಪುಣ್ಯಕೋಟಿಯ ಹಾಡು ನೆನಪಿಗೆ ಬರುತ್ತಿತ್ತು. ನಮಗೆಲ್ಲ ಚಿಕ್ಕಂದಿನಲ್ಲೇ ಎದೆಗಿಳಿದ ಕಥೆ ಅದು. ಅಲ್ಲೂ ಕೊಲ್ಲುವವನಿದ್ದಾನೆ. ಅಲ್ಲೂ ಕೊಟ್ಟ ಮಾತಿದೆ. ಅರ್ಬುತ ಹಸಿದ ಹುಲಿ. ಹಸುವಿನ ಮಾತು ನಂಬಿ ಬಿಡುತ್ತದೆ. ಹಸು ಮಾತಿನಂತೆ ತಿರುಗಿ ಬಂದಾಗ ಹುಲಿಗೆ ತಿನ್ನಲು ಆಗುವುದಿಲ್ಲ. ನೀನು ನನ್ನ ಒಡಹುಟ್ಟಿದ ಅಕ್ಕ ಅನ್ನುತ್ತದೆ, ಹಾರಿ ಪ್ರಾಣ ಬಿಡುತ್ತದೆ. ಒಳ್ಳೆಯವರು ಮಾತಿಗೆ ತಪ್ಪುವುದಿಲ್ಲ ಅನ್ನುವುದು ಹುಲಿಗೂ ರುತ್ವೆನ್‌ಗೂ ಇಬ್ಬರಿಗೂ ಗೊತ್ತಾಯಿತು. ಹುಲಿ ಅದಕ್ಕೆ ತಲೆಬಾಗಿತು. ರುತ್ವೆನ್ ಅದನ್ನೇ ಬಲೆ ಮಾಡಿಕೊಂಡ. ಮಗಳು ಹುಲಿಯನ್ನು ಎಳೆದು ತಂದಳಲ್ಲ, ನೀವೂ ಈ ಹುಲಿಯನ್ನು ಎದುರಿಗಿಡಿ. ಕಾಡಿನ ಹುಲಿ ಜಿಂಕೆ ತಿಂದರೆ ತಪ್ಪಿಲ್ಲ. ಯಾಕೆಂದರೆ ಜಿಂಕೆಯ ನೋವು ತನಗೇನಾಗಬೇಕು ಅಂತ ಕೇಳಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮಾತು ಬರುವ, ಮಾತಿನ ಬೆಲೆ ಗೊತ್ತಿರುವ ಹುಲಿಗೆ ಆ ವಿನಾಯಿತಿ ಇಲ್ಲ. ಹಾಡು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಇದಕ್ಕಿಂತ ಹತ್ತಿರದ ಸಾಕ್ಷಿ ಇನ್ನೊಂದಿದೆ. ಐರ್ಲೆಂಡಿನ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲಾ’, 1872ರದು. ಕಾರ್ಮಿಲಾ ಚೆಂದದ ಹುಡುಗಿಯ ರೂಪದ ವ್ಯಾಂಪೈರ್. ಲಾರಾ ಎಂಬ ಹುಡುಗಿಯ ಮನೆಯಲ್ಲಿ ಅತಿಥಿಯಾಗಿ ಇರುತ್ತಾಳೆ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಸಾಯುತ್ತಿರುತ್ತಾರೆ. ಲಾರಾಳ ತಂದೆ, ಎಲ್ಲ ದೇವರ ಕೈಯಲ್ಲಿದೆ ಅನ್ನುತ್ತಾನೆ. ಆಗ ಕಾರ್ಮಿಲಾ ತಿರುಗಿ ಹೇಳುತ್ತಾಳೆ: ದೇವರಲ್ಲ, ಪ್ರಕೃತಿ. ಈ ಕಾಯಿಲೆ ಕೂಡ ಪ್ರಕೃತಿಯದೇ. ಭೂಮಿಯ ಮೇಲೂ ಕೆಳಗೂ ಇರುವುದೆಲ್ಲ ಪ್ರಕೃತಿ ಹೇಳಿದ ಹಾಗೆ ಬದುಕುತ್ತದೆ, ಅಲ್ವಾ? ಅನ್ನುವ ಅರ್ಥದ ಮಾತು.

ಅಂದರೆ ನಿಮ್ಮ ಮಗಳ ವಾದವನ್ನು ವ್ಯಾಂಪೈರೇ ಹೇಳಿ ಒಂದೂವರೆ ಶತಮಾನವಾಯಿತು. ಆದರೆ ಹೇಳಿದ್ದು ಯಾವಾಗ ನೋಡಿ. ತಾನೇ ಕೊಂದ ಹುಡುಗಿಯರ ಸಾವಿನ ಮಾತು ಬಂದಾಗ. ಹುಲಿ ಯಾವತ್ತೂ ‘ಇದು ನನ್ನ ಸ್ವಭಾವ’ ಅಂತ ಹೇಳುವುದಿಲ್ಲ. ಹೇಳಬೇಕು ಅಂತ ಅದಕ್ಕೆ ಅನ್ನಿಸುವುದೇ ಇಲ್ಲ. ಸಮರ್ಥನೆ ಹುಡುಕಬೇಕು ಅಂತ ಅನ್ನಿಸಿದ ಕೂಡಲೇ, ಎದುರಿಗಿರುವವರಿಗೆ ಅನ್ಯಾಯ ಆಗುತ್ತಿದೆ ಅಂತ ಒಳಗೆಲ್ಲೋ ಗೊತ್ತು ಅಂತಾಯಿತು. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ. ಬಾಯಾರಿಕೆ ಕೆಟ್ಟದ್ದಲ್ಲ. ಗೊತ್ತಿದ್ದೂ ಮಾಡುವುದು, ಮಾಡಿ ಪ್ರಕೃತಿಯ ತಲೆಗೆ ಕಟ್ಟುವುದು ಕೆಟ್ಟದ್ದು.

1897ರಲ್ಲಿ ಬಂದ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ದಲ್ಲೂ ಇದು ಕಾಣುತ್ತದೆ. ಲಂಡನ್ನಿನಲ್ಲಿ ಮನೆ ಕೊಳ್ಳುವ ಕಾಗದಪತ್ರ ತಂದ ಜೊನಾಥನ್ ಹಾರ್ಕರ್ ಕೈಯಲ್ಲಿ ಡ್ರಾಕುಲಾ ಮೂರು ಪತ್ರ ಬರೆಸುತ್ತಾನೆ. ಮೂರಕ್ಕೂ ಮುಂದಿನ ತಾರೀಕು: ಜೂನ್ 12, 19, 29. ಕೆಲಸ ಹೆಚ್ಚುಕಡಿಮೆ ಮುಗಿಯಿತು, ನಾಳೆ ಹೊರಡುತ್ತೇನೆ, ಹೊರಟು ಬಂದೆ ಅಂತ. ಹಾರ್ಕರ್ ಡ್ರಾಕುಲಾನ ಕೋಟೆಯೊಳಗೇ ಸತ್ತರೂ ಊರಿನಲ್ಲಿ ಯಾರಿಗೂ ಅನುಮಾನ ಬರಬಾರದು. ಹುಲಿ ಹುಲ್ಲಿನಲ್ಲಿ ಅಡಗುತ್ತದೆ, ನಿಜ. ಬೇಟೆಯ ಕೈಯಲ್ಲೇ ಸುಳ್ಳು ಕಾಗದ ಬರೆಸುವುದಿಲ್ಲ.

ಹಾಗಂತ ಅಜ್ಜಿ ಹೇಳಿದ ‘ರಾಕ್ಷಸ’ ಅನ್ನುವ ಮಾತೂ ಪೂರ್ತಿ ಸಾಲದು. ಅದೇ ಕಾದಂಬರಿಯ ಲೂಸಿಯನ್ನು ನೋಡಿ. ಡ್ರಾಕುಲಾ ಕಚ್ಚಿ ಕಚ್ಚಿ ಅವಳು ಸತ್ತು, ವ್ಯಾಂಪೈರ್ ಆಗಿ ಎದ್ದು ಪುಟ್ಟ ಮಕ್ಕಳನ್ನು ಹಿಡಿಯುತ್ತಾಳೆ. ಅವಳು ಇದನ್ನು ಬೇಕು ಅಂತ ಕೇಳಿರಲಿಲ್ಲ. ಎದ್ದ ಮೇಲೆ ಹಳೆಯ ಲೂಸಿಯ ಮನಸ್ಸು ಎಷ್ಟು ಉಳಿದಿತ್ತು ಅನ್ನುವುದೂ ಅನುಮಾನ. ಅವಳನ್ನು ತಡೆಯಲೇಬೇಕು. ಆದರೆ ದುಷ್ಟೆ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆ ಕಾದಂಬರಿಯಲ್ಲಿ ಮೀನಾ ಎಂಬ ಹೆಣ್ಣುಮಗಳು, ತಾನೇ ಕಡಿಸಿಕೊಂಡು ನರಳುತ್ತಿರುವವಳು, ಗಂಡಸರ ಸಿಟ್ಟನ್ನು ತಡೆದು, ಇಷ್ಟೆಲ್ಲ ಸಂಕಟ ತಂದ ಆ ಬಡಜೀವವೇ ಎಲ್ಲರಿಗಿಂತ ಹೆಚ್ಚು ಮರುಕಕ್ಕೆ ತಕ್ಕದ್ದು ಅನ್ನುತ್ತಾಳೆ. ಡ್ರಾಕುಲಾನನ್ನು ಬಿಟ್ಟುಬಿಡಿ ಅನ್ನುವುದಿಲ್ಲ. ಕೊಲ್ಲಿ, ಆದರೆ ದ್ವೇಷದಿಂದ ಬೇಡ ಅನ್ನುತ್ತಾಳೆ. ತಡೆಯುವುದು ಬೇರೆ, ದ್ವೇಷಿಸುವುದು ಬೇರೆ. ನಿಮ್ಮ ಮಗಳಿಗೆ ವ್ಯಾಂಪೈರ್ ಮೇಲೆ ಕನಿಕರ ಬಂದಿದ್ದರೆ ಅದನ್ನು ಕಿತ್ತು ಹಾಕಬೇಡಿ.

‘ಅದಕ್ಕೆ ಬೇರೆ ದಾರಿ ಇಲ್ಲವಲ್ಲ’ ಅಂತ ಅವಳು ಕೇಳಬಹುದು. ಕೇಳೇ ಕೇಳುತ್ತಾಳೆ. ನಿಜವಾಗಿಯೂ ದಾರಿ ಇಲ್ಲದಿದ್ದರೆ ಆ ವಾದಕ್ಕೆ ಬಲ ಬರುತ್ತದೆ. ಆದರೆ ಅವಳು ಓದಿರಬಹುದಾದ ಪುಸ್ತಕಗಳೇ ದಾರಿ ತೋರಿಸಿವೆ. 1976ರ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ನಲ್ಲಿ ಲೂಯಿ ಎಂಬ ವ್ಯಾಂಪೈರ್ ಕೆಲವು ಕಾಲ ಪ್ರಾಣಿಗಳ ರಕ್ತದಲ್ಲೇ ಬದುಕುತ್ತಾನೆ. 2005ರ ‘ಟ್ವೈಲೈಟ್’ನಲ್ಲಿ ವ್ಯಾಂಪೈರ್‌ಗಳ ಇಡೀ ಒಂದು ಕುಟುಂಬ ಮನುಷ್ಯರನ್ನು ಮುಟ್ಟುವುದಿಲ್ಲ. ಒಬ್ಬರು ಬಿಡಬಲ್ಲರು ಅಂತಾದ ಮೇಲೆ ಉಳಿದವರು ‘ನಮ್ಮ ಕೈಯಲ್ಲಿ ಆಗುವುದಿಲ್ಲ’ ಅನ್ನುವ ಹಾಗಿಲ್ಲ. ಒಮ್ಮೆ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಕೇಳಿ ಕುಡಿಯಬಹುದಲ್ವಾ?” ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ರಕ್ತದಾನ ಶಿಬಿರದಲ್ಲಿ ಒಬ್ಬರು 350 ಮಿಲಿಲೀಟರ್ ಕೊಟ್ಟು, ಜ್ಯೂಸು ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ. ರಕ್ತ ಬೇಕು ಅಂದರೆ ಜೀವ ತೆಗೆಯಲೇಬೇಕು ಅಂತ ಇಲ್ಲ. ಹೆದರಿಸಿ ಕೇಳಿದರೆ ಅದು ಕೇಳಿದ ಹಾಗಲ್ಲ ಅನ್ನುವುದನ್ನೂ ಆ ಹುಡುಗಿಯೇ ಸೇರಿಸಿದಳು.

ಕೋಳಿಯ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಬೇಡಿ. ಅವಳು ಅಲ್ಲಿ ನಿಮ್ಮನ್ನು ಸರಿಯಾಗಿಯೇ ಹಿಡಿದಿದ್ದಾಳೆ. ಕೋಳಿಗೂ ಮನುಷ್ಯರಿಗೂ ವ್ಯತ್ಯಾಸ ಇದೆ. ಕೋಳಿ ನಾಳೆಯ ಯೋಚನೆ ಹೇಳಿಕೊಳ್ಳಲಾರದು, ‘ಬೇಡ’ ಅಂತ ವಾದ ಮಾಡಲಾರದು. ವ್ಯಾಂಪೈರ್ ತಿನ್ನುವುದು ತನ್ನ ಭಾಷೆಯಲ್ಲೇ ಮಾತಾಡುವವರನ್ನು, ಒಂದು ಕಾಲದಲ್ಲಿ ತಾನೂ ಆಗಿದ್ದವರನ್ನು. ಆದರೆ ಕೋಳಿಗೂ ನೋವಿದೆ. ಹಾಗಾಗಿ ಅವಳ ವಾದವನ್ನು ತಿರುಗಿಸಿಯೂ ಓದಬಹುದು: ವ್ಯಾಂಪೈರ್ ಮಾಡುವುದು ತಪ್ಪಾದರೆ, ನಮ್ಮ ತಟ್ಟೆಯ ಬಗ್ಗೆ ಏನು ಹೇಳೋಣ? ಇದಕ್ಕೆ ಒಳ್ಳೆಯ ಮನಸ್ಸಿನ ಜನರೇ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಿಮ್ಮ ಮನೆಯ ಉತ್ತರ ನಾನು ಹೇಳುವಂಥದ್ದಲ್ಲ. ಅವಳು ನಾಳೆ ಕೋಳಿ ಬಿಡುತ್ತೇನೆ ಅಂದರೆ ಗದರಬೇಡಿ, ಅಷ್ಟೆ.

ಇನ್ನು ನೀವೇನು ಮಾಡಬಹುದು ಅನ್ನುವುದು. ಪುಸ್ತಕ ಕಿತ್ತಿಟ್ಟರೆ ಅವಳು ಫೋನಿನಲ್ಲಿ ಓದುತ್ತಾಳೆ. ಓದುವುದು ಮುಂದುವರಿಯುತ್ತದೆ, ನಿಮ್ಮ ಹತ್ತಿರ ಹೇಳುವುದು ಮಾತ್ರ ನಿಲ್ಲುತ್ತದೆ. ಅಪ್ಪನ ಹಾಗೆ ನಕ್ಕು ಬಿಟ್ಟರೆ ಸದ್ಯಕ್ಕೆ ಜಗಳ ಇಲ್ಲ. ಆದರೆ ದೊಡ್ಡ ಪ್ರಶ್ನೆಗಳಿಗೆ ಮನೆಯಲ್ಲಿ ಜಾಗವಿಲ್ಲ ಅಂತ ಅವಳಿಗೆ ಅನ್ನಿಸಬಹುದು. ನಾನು ಬರೆದದ್ದನ್ನೆಲ್ಲ ಓದಿಕೊಂಡು ಹೋಗಿ ವಾದದಲ್ಲಿ ಸೋಲಿಸಿದರೂ ಅಪಾಯವೇ. ಹದಿನಾಲ್ಕರ ವಯಸ್ಸಿನಲ್ಲಿ ಸೋತವರು ಒಪ್ಪಿಕೊಳ್ಳುವುದಿಲ್ಲ, ಹಟ ಹಿಡಿಯುತ್ತಾರೆ. ನನಗೆ ಹೆಚ್ಚು ಫಲ ಕೊಟ್ಟ ದಾರಿ, ಅವರು ಓದುತ್ತಿರುವ ಪುಸ್ತಕವನ್ನೇ ನಾನೂ ಓದುವುದು. ಓದಿ ಒಂದೇ ಪ್ರಶ್ನೆ ಕೇಳುವುದು: ಇದೇ ಕಥೆಯನ್ನು ಕಡಿಸಿಕೊಂಡವರು ಹೇಳಿದ್ದರೆ ಹೇಗಿರುತ್ತಿತ್ತು? ಇದಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಕೆಲವು ಪುಟ ನಿಮಗೆ ಮುಜುಗರ ತರಬಹುದು. ದೊಡ್ಡವರಿಗಾಗಿಯೇ ಬರೆದ ಕೆಲವು ಪುಸ್ತಕಗಳಿಗೆ ಇನ್ನೆರಡು ಮೂರು ವರ್ಷ ಕಾಯಲಿ ಅಂತ ಹೇಳುವ ಹಕ್ಕೂ ನಿಮಗಿದೆ. ಯಾಕೆ ಅಂತ ಕಾರಣ ಸೇರಿಸಿ ಹೇಳಿ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತು ಹೇಳಲೇಬೇಕು. ಕೊಲ್ಲುವ ವ್ಯಾಂಪೈರ್‌ಗಿಂತ ನನಗೆ ಪ್ರೀತಿಸುವ ವ್ಯಾಂಪೈರ್ ಬಗ್ಗೆ ಚಿಂತೆ ಜಾಸ್ತಿ. ‘ಟ್ವೈಲೈಟ್’ನಲ್ಲಿ ಎಡ್ವರ್ಡ್ ರಾತ್ರಿ ಹುಡುಗಿಗೆ ಗೊತ್ತಿಲ್ಲದೆ ಅವಳ ಕೋಣೆಗೆ ಬಂದು, ಅವಳು ನಿದ್ದೆ ಮಾಡುವುದನ್ನು ನೋಡುತ್ತಾ ಇರುತ್ತಾನೆ. ಕಥೆಯಲ್ಲಿ ಅದು ಪ್ರೀತಿ. ಮಕ್ಕಳನ್ನು ಆ ಪುಟದ ಹತ್ತಿರ ನಿಲ್ಲಿಸಿ, ನಿಮ್ಮ ಬೀದಿಯ ಹುಡುಗ ಹೀಗೆ ಮಾಡಿದರೆ ಅಂತ ಕೇಳಿದರೆ ಕ್ಲಾಸು ಒಮ್ಮೆಲೇ ನಿಶ್ಶಬ್ದವಾಗುತ್ತಿತ್ತು. ‘ನನ್ನ ಸ್ವಭಾವವೇ ಹೀಗೆ, ನಿನ್ನ ಮೇಲೆ ಅಷ್ಟು ಆಸೆ’ ಅನ್ನುವ ಮಾತನ್ನು ಹೆಣ್ಣುಮಕ್ಕಳು ಜೀವನದಲ್ಲಿ ನಿಜವಾಗಿ ಕೇಳುತ್ತಾರೆ. ಹೊಡೆದ ಗಂಡನ ಬಾಯಲ್ಲೂ ಕೇಳುತ್ತಾರೆ. ಕಾರ್ಮಿಲಾಳ ಮಾತಿಗೆ ಉತ್ತರ ಹುಡುಕಿದ ಹುಡುಗಿಗೆ ಅದಕ್ಕೂ ಉತ್ತರ ಸಿಗುತ್ತದೆ ಅಂತ ನನ್ನ ನಂಬಿಕೆ. ಅದಕ್ಕೇ ಈ ಪುಸ್ತಕ ಬಿಡಿಸಬೇಡಿ ಅನ್ನುತ್ತಿರುವುದು.

ವಾದ ಮಾಡುತ್ತಾಳೆ ಅಂತ ಡಾಕ್ಟರ ಹತ್ತಿರ ಓಡಬೇಕಿಲ್ಲ. ಊಟ ನಿದ್ದೆ ಕೆಟ್ಟರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಪ್ರಾಣಿಗಳಿಗೆ ಹಿಂಸೆ ಕೊಡುವುದು ಕಂಡರೆ ಮಾತ್ರ ತಡ ಮಾಡಬೇಡಿ. ಆಗ ಅದು ನನ್ನಂಥ ಮೇಷ್ಟರ ಕೆಲಸವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಈ ಭಾನುವಾರ ಮತ್ತೆ ಎಲ್ಲರೂ ಊಟಕ್ಕೆ ಕೂತಾಗ, ಪುಣ್ಯಕೋಟಿಯ ಹಾಡನ್ನು ಅಜ್ಜಿಯ ಬಾಯಲ್ಲೇ ಹೇಳಿಸಿ. ಹುಲಿ ಯಾಕೆ ತಿನ್ನಲಿಲ್ಲ ಅಂತ ಮಗಳನ್ನು ಕೇಳಿ. ಅವಳು ನನ್ನ ಉತ್ತರವನ್ನೇ ಕೊಡಬೇಕಿಲ್ಲ. ಕೊನೆಗೆ ಆ ಹುಲಿ ಸಾಯಲೇಬೇಕಿತ್ತಾ ಅಂತ ಅವಳು ತಿರುಗಿ ಕೇಳಬಹುದು. ಅದು ನನ್ನನ್ನೂ ಇಷ್ಟು ವರ್ಷ ಕಾಡಿದ ಪ್ರಶ್ನೆ. ಕೇಳಿದರೆ, ಅವಳ ಕೈಯಲ್ಲೇ ನನಗೊಂದು ಪತ್ರ ಬರೆಸಿ.